ಗಡಿಯಾಚೆ ಕಂಪನಿ ಕೊಳ್ಳುವವರಿಗೆ ಸಂಸ್ಕೃತಿಯ ಸಲಹೆ: ಉದ್ಯಮಬಾಗದಿಂದ ಒಂದು ಸೇವಾ ವಿಮರ್ಶೆ

ಬೇರೆ ದೇಶದ ಕಂಪನಿಯನ್ನು ಕೊಳ್ಳಹೊರಟ ಉದ್ಯಮಗಳಿಗೆ ಎರಡೂ ಕಡೆಯ ಕೆಲಸದ ರೀತಿನೀತಿಗಳನ್ನು ಅಳೆದುಕೊಟ್ಟು, ಒಪ್ಪಂದವಾದ ಮೇಲೆ ಇಬ್ಬರೂ ಹೊಂದಿಕೊಂಡು ಹೋಗುವಂತೆ ತರಬೇತಿ ನೀಡುತ್ತೇವೆ ಎನ್ನುವ ಸಲಹಾ ಸಂಸ್ಥೆಗಳು ಪುಣೆಯಲ್ಲೂ ಬೆಂಗಳೂರಿನಲ್ಲೂ ಇವೆ. ಅಂಥದೊಂದು ಸಂಸ್ಥೆಯ ಸೇವೆಯನ್ನು ನಾವು ಪಡೆದು ಈಗ ಹದಿನಾಲ್ಕು ತಿಂಗಳಾಯಿತು. ಸಂಸ್ಥೆಯ ಹೆಸರನ್ನು ಬರೆಯುತ್ತಿಲ್ಲ. ಅವರ ಪ್ರತಿಸ್ಪರ್ಧಿಗಳು ನಮಗೆ ಕೊಟ್ಟಿದ್ದ ಪ್ರಸ್ತಾವಗಳನ್ನೂ ಓದಿದ್ದೇನೆ. ಮುಖಪುಟದ ಬಣ್ಣವನ್ನು ಬಿಟ್ಟರೆ ಒಳಗಿನ ಸರಕು ಹೆಚ್ಚುಕಡಿಮೆ ಒಂದೇ ಆಗಿತ್ತು. ಆದ್ದರಿಂದ ಇದನ್ನು ಈ ಬಗೆಯ ಸೇವೆಯ ವಿಮರ್ಶೆಯೆಂದೇ ಓದಿಕೊಳ್ಳಬೇಕು.

ಬೆಳಗಾವಿಯ ಉದ್ಯಮಬಾಗ ಕೈಗಾರಿಕಾ ಪ್ರದೇಶದಲ್ಲಿ ನಮ್ಮದು ತಂದೆಯವರು ಆರಂಭಿಸಿದ, ಲೋಹ ಕರಗಿಸಿ ಎರಕ (ಕಾಸ್ಟಿಂಗ್) ಹೊಯ್ಯುವ ಫೌಂಡ್ರಿ, ಅದಕ್ಕೆ ಹೊಂದಿಕೊಂಡು ಒಂದು ಮಶೀನ್ ಶಾಪ್. ನೂರ ನಲವತ್ತು ಜನ ಕೆಲಸ ಮಾಡುತ್ತಾರೆ. ಹೈಡ್ರಾಲಿಕ್ ವಾಲ್ವ್‌ಗಳಿಗೆ ಬೇಕಾದ ಕಾಸ್ಟಿಂಗ್‌ಗಳನ್ನು ಒಂಬತ್ತು ವರ್ಷಗಳಿಂದ ದಕ್ಷಿಣ ಜರ್ಮನಿಯ ಒಂದು ಸಣ್ಣ ಕಾರ್ಖಾನೆಗೆ ಕಳಿಸುತ್ತಿದ್ದೆವು. ಅಲ್ಲಿಯ ಮಾಲೀಕರಿಗೆ ವಯಸ್ಸಾಯಿತು, ಮಕ್ಕಳಿಬ್ಬರೂ ಬೇರೆ ವೃತ್ತಿ ಹಿಡಿದಿದ್ದರು. ಕಾರ್ಖಾನೆಗೆ ವಾರಸುದಾರರು ಸಿಗದಿರುವುದು ಜರ್ಮನಿಯ ಕುಟುಂಬದ ಉದ್ಯಮಗಳಲ್ಲಿ ಈಗ ತೀರ ಸಾಮಾನ್ಯವಾದ ಸಂಗತಿ. ನೀವೇ ತೆಗೆದುಕೊಳ್ಳುತ್ತೀರಾ ಎಂದು ಅವರೇ ಕೇಳಿದರು. 70% ಪಾಲನ್ನು ಈಗ ಕೊಳ್ಳುವುದು, ಉಳಿದದ್ದನ್ನು ಮೂರು ವರ್ಷಗಳ ನಂತರ ಕೊಳ್ಳುವುದು, ಅಲ್ಲಿಯವರೆಗೆ ಹಳೆಯ ಮಾಲೀಕರು ಕಾರ್ಖಾನೆಯಲ್ಲೇ ಇರುವುದು ಎಂದು ಮಾತಾಯಿತು. ಹಣ ಕಳಿಸುವ ಬಾಬತ್ತು ನಾನು ಹೆದರಿದ್ದಷ್ಟು ಕಷ್ಟದ್ದಾಗಿರಲಿಲ್ಲ. 2022ರ ಆಗಸ್ಟ್‌ನಲ್ಲಿ ಜಾರಿಗೆ ಬಂದ ಸಾಗರೋತ್ತರ ಹೂಡಿಕೆ ನಿಯಮಗಳ ಪ್ರಕಾರ ಕಂಪನಿಯ ನಿವ್ವಳ ಮೌಲ್ಯದ 400% ವರೆಗಿನ ಬದ್ಧತೆಗೆ ಸಾಮಾನ್ಯವಾಗಿ ರಿಸರ್ವ್ ಬ್ಯಾಂಕಿನ ಪೂರ್ವಾನುಮತಿ ಬೇಕಾಗುವುದಿಲ್ಲ. ಕಾಗದಪತ್ರಗಳನ್ನು ನಮ್ಮ ಸಿ.ಎ. ಮತ್ತು ಬ್ಯಾಂಕಿನವರು ನೋಡಿಕೊಂಡರು. ನನ್ನ ನಿದ್ದೆ ಕೆಡಿಸಿದ್ದು ಬೇರೆಯೇ ಪ್ರಶ್ನೆ. ಇಷ್ಟು ವರ್ಷ ಗಿರಾಕಿಯಾಗಿದ್ದ ಕಾರ್ಖಾನೆಗೆ ನಾನೇ ಮಾಲೀಕನಾಗಿ ಹೋದರೆ ಅಲ್ಲಿಯ ಐವತ್ತೆರಡು ಜನ ನನ್ನ ಮಾತನ್ನು ಹೇಗೆ ಕೇಳಿಸಿಕೊಳ್ಳುತ್ತಾರೆ, ಅವರ ಮಾತು ನನಗೆ ಹೇಗೆ ಕೇಳಿಸುತ್ತದೆ ಎಂಬುದು. ಈ ಸೇವೆಯನ್ನು ಕೊಂಡದ್ದು ಆ ಅಂಜಿಕೆಯಿಂದ.

ಅವರು ಕೊಟ್ಟದ್ದು ಮೂರು ಭಾಗಗಳಲ್ಲಿ. ಮೊದಲನೆಯದು ಪ್ರಶ್ನಾವಳಿ ಮತ್ತು ಅದರ ಮೇಲೆ ಸಿದ್ಧಪಡಿಸಿದ ಅರವತ್ತನಾಲ್ಕು ಪುಟಗಳ ‘ಸಾಂಸ್ಕೃತಿಕ ಅಂತರ ವರದಿ’, ಎರಡನೆಯದು ಬೆಳಗಾವಿಯಲ್ಲೇ ಎರಡು ದಿನಗಳ ಕಾರ್ಯಾಗಾರ, ಮೂರನೆಯದು ಒಪ್ಪಂದಕ್ಕೆ ಸಹಿಯಾದ ದಿನದಿಂದ ಆರು ತಿಂಗಳು ದೂರವಾಣಿಯ ಸಲಹೆ. ಎಲ್ಲ ಸೇರಿ ಆರು ಲಕ್ಷ ಎಂಬತ್ತು ಸಾವಿರ ರೂಪಾಯಿ, ಮೇಲೆ 18% ಜಿ.ಎಸ್‌.ಟಿ. ಬಿಡಿಬಿಡಿಯಾಗಿ ಕೊಡುವುದಿಲ್ಲ ಎಂಬ ಷರತ್ತನ್ನು ಆರಂಭದಲ್ಲೇ ಹಾಕಿದರು. ಆ ಷರತ್ತು ಏಕಿತ್ತೆಂಬುದು ನನಗೆ ಕೊನೆಗೆ ಅರ್ಥವಾಯಿತು.

ಪ್ರಶ್ನಾವಳಿ ಬಂದದ್ದು ಇಂಗ್ಲಿಷಿನಲ್ಲಿ ಮತ್ತು ಹಿಂದಿಯಲ್ಲಿ. ನಮ್ಮಲ್ಲಿ ಎರಕದ ಅಚ್ಚಿಗೆ ಮಾದರಿ ಮಾಡುವ ಪ್ಯಾಟರ್ನ್ ಶಾಪಿನ ಮಾತುಕತೆ ಹೆಚ್ಚಾಗಿ ಮರಾಠಿಯಲ್ಲಿ, ಮೋಲ್ಡಿಂಗ್ ಮತ್ತು ಭಟ್ಟಿಯ ಕಡೆ ಕನ್ನಡದಲ್ಲಿ, ಎರಕವನ್ನು ಉಜ್ಜಿ ನಯಮಾಡುವ ಫೆಟ್ಲಿಂಗ್‌ನಲ್ಲಿ ಉತ್ತರ ಭಾರತದ ಹುಡುಗರಿರುವುದರಿಂದ ಹಿಂದಿಯಲ್ಲಿ ನಡೆಯುತ್ತದೆ. ಮೂರು ವಿಭಾಗಗಳ ನಡುವೆ ಓಡಾಡುವ ಸೂಪರ್‌ವೈಸರ್ ಒಂದೇ ಸರದಿಯಲ್ಲಿ ಮೂರು ಭಾಷೆಗೆ ಹೊರಳುತ್ತಾನೆ. ಕನ್ನಡದ ಮತ್ತು ಮರಾಠಿಯ ಪ್ರತಿ ಬೇಕೆಂದು ಕೇಳಿದಾಗ ‘ಮುಂದಿನ ಆವೃತ್ತಿಯಲ್ಲಿ ಬರುತ್ತದೆ’ ಎಂದರು. ಕೊನೆಗೆ, ಹಾಜರಿ ನೋಡಿಕೊಳ್ಳುವ ನಮ್ಮ ಟೈಮ್ ಆಫೀಸಿನ ಹುಡುಗಿ ಊಟದ ಬಿಡುವಿನಲ್ಲಿ ಒಂದೊಂದೇ ಪ್ರಶ್ನೆಯನ್ನು ಬಾಯಿಮಾತಿನಲ್ಲಿ ಅನುವಾದಿಸಿ ಕೇಳಿ, ಉತ್ತರಗಳಿಗೆ ಗುರುತು ಹಾಕಿಸಿದಳು. ‘ಮೇಲಧಿಕಾರಿಯ ನಿರ್ಧಾರವನ್ನು ನಾನು ಬಹಿರಂಗವಾಗಿ ಪ್ರಶ್ನಿಸಬಲ್ಲೆ’ ಎಂಬ ವಾಕ್ಯಕ್ಕೆ ಒಂದರಿಂದ ಐದರವರೆಗೆ ಅಂಕ ಕೊಡಬೇಕಿತ್ತು. ಬಹುಪಾಲು ಎಲ್ಲರೂ ಐದನ್ನೇ ಆರಿಸಿದ್ದರು. ವರದಿಯಲ್ಲಿ ಇದನ್ನು ‘ಅಪರೂಪದ ಮುಕ್ತ ವಾತಾವರಣ’ ಎಂದು ಹೊಗಳಲಾಗಿತ್ತು. ಒಬ್ಬ ಮೋಲ್ಡರನನ್ನು ಪಕ್ಕಕ್ಕೆ ಕರೆದು ವಿಚಾರಿಸಿದೆ. ‘ಮಾಲಕರ ಕಳಿಸಿದ ಪೇಪರ್ ಅಂದ್ರು ರೀ, ಕಡಿಮಿ ಮಾರ್ಕ್ ಹಾಕಿದ್ರ ಚಲೋ ಕಾಣೂದಿಲ್ಲ ಅಂತ ಐದ ಹಾಕೀನ್ರಿ’ ಎಂದ. ಯಜಮಾನನನ್ನು ಪ್ರಶ್ನಿಸಬಲ್ಲೆ ಎಂಬ ವಾಕ್ಯಕ್ಕೆ ಯಜಮಾನನ ಮೇಲಿನ ಭಯದಿಂದಲೇ ಪೂರ್ಣ ಅಂಕ ಬಿದ್ದಿತ್ತು.

ವರದಿಯ ಬೆನ್ನೆಲುಬು ಡಚ್ ವಿದ್ವಾಂಸ ಗೀರ್ಟ್ ಹಾಫ್‌ಸ್ಟೆಡ್ ಅವರ ಅಂಕಪಟ್ಟಿ. ಐ.ಬಿ.ಎಂ. ಕಂಪನಿಯ ನೌಕರರ ನಡುವೆ 1967ರಿಂದ 1973ರ ಅವಧಿಯಲ್ಲಿ ಹಲವು ದೇಶಗಳಲ್ಲಿ ನಡೆದ ಸಮೀಕ್ಷೆಯಿಂದ ಹುಟ್ಟಿದ ಪಟ್ಟಿ ಅದು. ಅಧಿಕಾರದ ಏರುಪೇರನ್ನು ಜನ ಎಷ್ಟರಮಟ್ಟಿಗೆ ಸಹಜವೆಂದು ಒಪ್ಪಿಕೊಂಡಿದ್ದಾರೆ ಎಂಬುದರಲ್ಲಿ ಭಾರತಕ್ಕೆ 77, ಜರ್ಮನಿಗೆ 35. ಮುಂದೇನಾಗುವುದೋ ಎಂಬ ಅನಿಶ್ಚಿತತೆಯನ್ನು ತಪ್ಪಿಸಿಕೊಳ್ಳುವ ಹಂಬಲದಲ್ಲಿ ಭಾರತಕ್ಕೆ 40, ಜರ್ಮನಿಗೆ 65. ಈ ಅಂಕಗಳು ಪೂರ್ತಿ ಪೊಳ್ಳೆಂದು ನಾನು ಹೇಳುವುದಿಲ್ಲ. ಒಂಬತ್ತು ವರ್ಷ ಅವರ ಇನ್‌ಸ್ಪೆಕ್ಷನ್ ಶೀಟುಗಳನ್ನು ತುಂಬಿದವನಿಗೆ 65 ಎಂದರೇನೆಂದು ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಒಂದು ದೇಶಕ್ಕೆ ಒಂದೇ ಅಂಕ ಎಂಬ ಲೆಕ್ಕದಲ್ಲಿ ಬೆಳಗಾವಿಯ ಫೌಂಡ್ರಿಗೂ ಬೆಂಗಳೂರಿನ ಸಾಫ್ಟ್‌ವೇರ್ ಕಚೇರಿಗೂ ಒಂದೇ 77. ಸ್ಟುಟ್‌ಗಾರ್ಟ್ ಸೀಮೆಯ ಹಳ್ಳಿಯ ಕಾರ್ಖಾನೆಗೂ ಬರ್ಲಿನ್ನಿನ ಜಾಹೀರಾತು ಕಂಪನಿಗೂ ಒಂದೇ 35. ನಮ್ಮ ಪ್ಯಾಟರ್ನ್ ಶಾಪಿಗೂ ಫೆಟ್ಲಿಂಗ್ ಅಂಗಳಕ್ಕೂ ನಡುವೆ ನಾನು ದಿನವೂ ಕಾಣುವ ಅಂತರ ಆ ಪಟ್ಟಿಯಲ್ಲಿ ಎಲ್ಲಿಯೂ ಇರಲಿಲ್ಲ.

ಇದಕ್ಕಿಂತ ದೊಡ್ಡ ತಕರಾರು ಕೊನೆಯ ಪುಟದ್ದು. ಬ್ರೂಸ್ ಕೋಗಟ್ ಮತ್ತು ಹರ್ಬೀರ್ ಸಿಂಗ್ ಎಂಬ ಇಬ್ಬರು ಸಂಶೋಧಕರು 1988ರಲ್ಲಿ ಹಾಫ್‌ಸ್ಟೆಡ್ ಅಂಕಗಳನ್ನೇ ಬಳಸಿ ಎರಡು ದೇಶಗಳ ಸಾಂಸ್ಕೃತಿಕ ಅಂತರವನ್ನು ಒಂದೇ ಸಂಖ್ಯೆಗೆ ಇಳಿಸುವ ಸೂತ್ರವೊಂದನ್ನು ಕೊಟ್ಟರು. ಅಂತರ ಹೆಚ್ಚಿದಷ್ಟೂ ಕಂಪನಿಗಳು ಪೂರ್ತಿ ಖರೀದಿಗಿಂತ ಜಂಟಿ ಉದ್ಯಮದತ್ತ ವಾಲುತ್ತವೆ ಎಂಬುದು ಅವರು ಕಂಡುಕೊಂಡದ್ದು. ನಾವು ಯಾವ ಸೂತ್ರವನ್ನೂ ಓದದೆ 70% ಪಾಲಿಗೆ ನಿಂತದ್ದರ ಹಿಂದೆಯೂ ಅದೇ ಅಳುಕಿತ್ತೇನೋ. ಸೂತ್ರದ ಉಪಯೋಗ ಸಂಶೋಧಕರಿಗಿದೆ, ಸರಿ. ನಮ್ಮ ವರದಿ ಅದರಿಂದ ಬಂದ ಸಂಖ್ಯೆಯನ್ನು ದಶಮಾಂಶದ ನಂತರ ಎರಡು ಸ್ಥಾನಗಳವರೆಗೆ ಅಚ್ಚು ಹಾಕಿ, ಸುತ್ತಲೂ ಕೆಂಪು ಚೌಕಟ್ಟು ಹಾಕಿ, ಅಲ್ಲಿಗೆ ಮುಗಿಸಿತ್ತು. ನಮ್ಮ ಲ್ಯಾಬಿನ ಸ್ಪೆಕ್ಟ್ರೋಮೀಟರ್ ಕೂಡ ಲೋಹದಲ್ಲಿರುವ ಕಾರ್ಬನ್ನನ್ನು ಎರಡು ಸ್ಥಾನಗಳವರೆಗೆ ತೋರಿಸುತ್ತದೆ. ಆದರೆ ಅದು ಕಡಿಮೆ ಎಂದರೆ ಭಟ್ಟಿಗೆ ಕಾರ್ಬನ್ ಹಾಕುತ್ತೇವೆ, ಹೆಚ್ಚು ಎಂದರೆ ಸ್ಟೀಲ್ ಸ್ಕ್ರ್ಯಾಪ್ ಹಾಕುತ್ತೇವೆ. ಈ ಸಂಖ್ಯೆಯನ್ನು ಹಿಡಿದುಕೊಂಡು ಸೋಮವಾರ ಬೆಳಿಗ್ಗೆ ನಾನು ಭಟ್ಟಿಗೆ ಏನು ಹಾಕಬೇಕು ಎಂದು ಕೇಳಿದೆ. ಸಲಹೆಗಾರರು ನಕ್ಕರು, ಉತ್ತರ ಬರಲಿಲ್ಲ.

ಆ ಸಂಖ್ಯೆಗೆ ಇನ್ನೊಂದು ದೋಷವೂ ಇದೆ. ಇಲ್ಲಿಂದ ಅಲ್ಲಿಗೆ ಎಷ್ಟು ದೂರವೋ ಅಲ್ಲಿಂದ ಇಲ್ಲಿಗೂ ಅಷ್ಟೇ ಎಂದು ಸೂತ್ರ ನಂಬಿಕೊಂಡಿದೆ. ಒಡೆಡ್ ಶೆಂಕರ್ ಎಂಬ ವಿದ್ವಾಂಸರು 2001ರಲ್ಲೇ ಇದನ್ನು ಪ್ರಶ್ನಿಸಿದ್ದರು. ರಸ್ತೆಗಾದರೆ ಆ ಮಾತು ಸರಿ. ಕೊಳ್ಳುವವನಿಗೂ ಕೊಳ್ಳಿಸಿಕೊಳ್ಳುವವನಿಗೂ ಅದು ಹೇಗೆ ಒಂದೇ ಆದೀತು? ನಾನು ಜರ್ಮನಿಗೆ ಹನ್ನೊಂದು ಬಾರಿ ಹೋಗಿದ್ದೆ. ಅಲ್ಲಿಯ ಕೆಲಸಗಾರರ ಪೈಕಿ ಬೆಳಗಾವಿಯನ್ನು ಕಂಡವರು ಇಬ್ಬರೇ, ಅದೂ ಸಾಂಬ್ರಾ ವಿಮಾನ ನಿಲ್ದಾಣದಿಂದ ಹೋಟೆಲಿಗೆ, ಹೋಟೆಲಿನಿಂದ ಫೌಂಡ್ರಿಗೆ. ಹಣ ಕೊಟ್ಟವರು ನಾವಾದ್ದರಿಂದ ವರದಿಯಲ್ಲಿ ಬರೀ ನಮ್ಮ ಕಡೆಯಿಂದ ನೋಡಿದ ಜರ್ಮನಿಯೇ ತುಂಬಿತ್ತು. ಉಡುಗೊರೆ ಕೊಡುವ ಕ್ರಮಕ್ಕೆ ನಾಲ್ಕು ಪುಟ, ಭೋಜನದ ಶಿಷ್ಟಾಚಾರಕ್ಕೆ ಮೂರು ಪುಟ. ಜರ್ಮನಿಯ ಕಾರ್ಖಾನೆಯಲ್ಲಿ ನೌಕರರೇ ಆರಿಸಿಕೊಳ್ಳುವ, ಕಾನೂನಿನ ಬಲವಿರುವ ಬೆಟ್ರೀಬ್ಸ್‌ರಾಟ್ ಎಂಬ ಮಂಡಳಿಯ ಬಗ್ಗೆ ಒಂದು ಸಾಲೂ ಇರಲಿಲ್ಲ. ಅದರ ಬೆಲೆ ಆಮೇಲೆ ತೆತ್ತೆ, ಮುಂದೆ ಹೇಳುತ್ತೇನೆ.

ಉದಾಹರಣೆಗಳ ಅಧ್ಯಾಯದಲ್ಲಿ ಈ ಕ್ಷೇತ್ರದ ಎಲ್ಲರೂ ಹೇಳುವ ಕಥೆಗಳೇ ಇದ್ದವು. 1998ರಲ್ಲಿ ಸುಮಾರು 3,600 ಕೋಟಿ ಡಾಲರ್ ಮೌಲ್ಯದಲ್ಲಿ ಒಂದಾದ ಜರ್ಮನಿಯ ಡೈಮ್ಲರ್ ಮತ್ತು ಅಮೆರಿಕದ ಕ್ರೈಸ್ಲರ್ ಕಾರು ಕಂಪನಿಗಳು 2007ರಲ್ಲಿ ಬೇರೆಯಾದದ್ದು, 1997ರಲ್ಲಿ ಜರ್ಮನಿಯ ಅಂಗಡಿ ಸರಣಿಯನ್ನು ಕೊಂಡು ಒಳಹೊಕ್ಕ ವಾಲ್‌ಮಾರ್ಟ್ 2006ರಲ್ಲಿ ಕೈತೊಳೆದುಕೊಂಡು ಹೊರಟದ್ದು. ಎರಡನ್ನೂ ‘ಸಂಸ್ಕೃತಿಗಳ ಘರ್ಷಣೆ’ ಎಂಬ ಒಂದೇ ಕಪಾಟಿಗೆ ತುಂಬಿದ್ದರು. ಡೈಮ್ಲರ್‌ನ ಮುಖ್ಯಸ್ಥ ಯುರ್ಗನ್ ಶ್ರೆಂಪ್, ‘ಸಮಾನರ ವಿಲೀನ’ ಎಂದು ಜಗತ್ತಿಗೆ ಸಾರಿದ ಎರಡೇ ವರ್ಷಗಳಲ್ಲಿ, ಕ್ರೈಸ್ಲರನ್ನು ಒಂದು ವಿಭಾಗವನ್ನಾಗಿ ಮಾಡಿಕೊಳ್ಳುವುದೇ ತಮ್ಮ ಮೊದಲಿನ ಉದ್ದೇಶವಾಗಿತ್ತೆಂದು ಪತ್ರಿಕೆಯ ಮುಂದೆ ಒಪ್ಪಿಕೊಂಡರು. ಕೊಟ್ಟ ಮಾತೇ ಬೇರೆಯಾಗಿದ್ದಾಗ ಸಂಸ್ಕೃತಿಯ ತಲೆಗೆ ಎಷ್ಟನ್ನೆಂದು ಕಟ್ಟುವುದು? 2008ರಲ್ಲಿ ಜಪಾನಿನ ಔಷಧ ಕಂಪನಿ ಡೈಇಚಿ ಸಾಂಕ್ಯೊ ನಮ್ಮ ರ‍್ಯಾನ್‌ಬಾಕ್ಸಿಯನ್ನು ಕೊಂಡು ಕೈಸುಟ್ಟುಕೊಂಡದ್ದನ್ನೂ ಇದೇ ಸಾಲಿಗೆ ಸೇರಿಸಿದ್ದರು. ಅಲ್ಲಿ ನಡೆದದ್ದು ಔಷಧ ಪರೀಕ್ಷೆಯ ದಾಖಲೆಗಳ ಸುಳ್ಳು. 2013ರಲ್ಲಿ ರ‍್ಯಾನ್‌ಬಾಕ್ಸಿಯ ಅಮೆರಿಕದ ಅಂಗಸಂಸ್ಥೆ ತಪ್ಪೊಪ್ಪಿಕೊಂಡು, ಒಟ್ಟು 50 ಕೋಟಿ ಡಾಲರ್ ತೆರಲು ಒಪ್ಪಿತು. ಅಪ್ರಾಮಾಣಿಕತೆಗೆ ಭಾರತೀಯ ಸಂಸ್ಕೃತಿ ಎಂಬ ಅಂಗಿ ತೊಡಿಸಿ ಪಾಠ ಮಾಡುವುದನ್ನು ನಾನು ಸಭೆಯಲ್ಲೇ ಆಕ್ಷೇಪಿಸಿದೆ.

ಸಂಶೋಧನೆಯೂ ಅವರು ತೋರಿಸಿದಷ್ಟು ಏಕಮುಖವಾಗಿಲ್ಲ. ಕೆನೆತ್ ಅಹರ್ನ್ ಮತ್ತು ಸಂಗಡಿಗರು 2015ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ನಂಬಿಕೆ, ಶ್ರೇಣೀಕರಣ, ವ್ಯಕ್ತಿಪರತೆ ಈ ಮೂರರಲ್ಲಿ ದೂರವಿರುವ ದೇಶಗಳ ನಡುವೆ ವಿಲೀನಗಳೂ ಕಡಿಮೆ, ಅವುಗಳಿಂದ ಇಬ್ಬರಿಗೂ ಸೇರಿ ದೊರಕುವ ಲಾಭವೂ ಕಡಿಮೆ. ಆದರೆ ಪಿಯೆರೊ ಮೊರೊಸಿನಿ ಮತ್ತು ಸಂಗಡಿಗರು ಇಟಲಿಗೆ ಸಂಬಂಧಿಸಿದಂತೆ 1987ರಿಂದ 1992ರ ನಡುವೆ ನಡೆದ 52 ಗಡಿಯಾಚೆಯ ಖರೀದಿಗಳನ್ನು ಪರಿಶೀಲಿಸಿ 1998ರಲ್ಲಿ ತದ್ವಿರುದ್ಧವಾದುದನ್ನು ಹೇಳಿದ್ದರು: ಅಂತರ ಹೆಚ್ಚಿದ್ದಲ್ಲಿ ಖರೀದಿಯ ನಂತರದ ಸಾಧನೆ ಉತ್ತಮವಾಗಿತ್ತು, ಏಕೆಂದರೆ ತನ್ನಲ್ಲಿಲ್ಲದ ಕೆಲಸದ ರೂಢಿಗಳು ಕೊಂಡವನಿಗೆ ಅದರಿಂದ ದೊರಕುತ್ತವೆ. ಸೌದೆ ಬೇರೆ ಬೇರೆಯಾದರೆ ಒಲೆ ಉರಿಯುವುದೂ ಉಂಟು, ಹೊಗೆಯಾಡುವುದೂ ಉಂಟು. ಸಲಹೆ ಮಾರುವವರು ಹೊಗೆಯನ್ನಷ್ಟೇ ತೋರಿಸಿದರು.

ನನಗೆ ಬೇಸರವಾದದ್ದು ಅವರು ನಮ್ಮ ಊರನ್ನು ಓದಿಕೊಂಡು ಬಂದಿರಲಿಲ್ಲ ಎಂಬುದಕ್ಕೆ. ಕಾರ್ಯಾಗಾರ ನಡೆದ ಹೋಟೆಲಿನಿಂದ ಯಮನಾಪುರದಲ್ಲಿರುವ ಹಿಂಡಾಲ್ಕೊ ಅಲ್ಯೂಮಿನಿಯಂ ಕಂಪನಿಯ ಕಾರ್ಖಾನೆ ದೂರವೇನಲ್ಲ. ಅದು ಮೊದಲು ಇಂಡಾಲ್ ಎಂಬ ಕಂಪನಿಯದಾಗಿತ್ತು. ಅದರ ಒಡೆತನದ ದೊಡ್ಡ ಪಾಲು ಕೆನಡಾದ ಅಲ್ಕಾನ್ ಕಂಪನಿಯದು. 2000ದಲ್ಲಿ ಆ ಪಾಲನ್ನು ಹಿಂಡಾಲ್ಕೊ ಕೊಂಡಿತು. 2005ರಲ್ಲಿ ಅಲ್ಕಾನ್ ಅಲ್ಯೂಮಿನಿಯಂ ಹಾಳೆ ಮಾಡುವ ತನ್ನ ರೋಲಿಂಗ್ ವ್ಯವಹಾರವನ್ನು ಬೇರ್ಪಡಿಸಿ ನೊವೆಲಿಸ್ ಎಂದು ಹೆಸರಿಟ್ಟಿತು. 2007ರಲ್ಲಿ ಅದನ್ನೂ ಸುಮಾರು 600 ಕೋಟಿ ಡಾಲರ್ ಮೌಲ್ಯಕ್ಕೆ ಹಿಂಡಾಲ್ಕೊ ಕೊಂಡಿತು. ಎಂದರೆ ಒಂದು ಕಾಲಕ್ಕೆ ಕೆನಡಾದ ಒಡೆತನ ಕಂಡಿದ್ದ ಬೆಳಗಾವಿಯ ಕಾರ್ಖಾನೆ, ಏಳೇ ವರ್ಷಗಳಲ್ಲಿ ಅದೇ ಒಡೆಯನ ಹಳೆಯ ಆಸ್ತಿಯನ್ನು ಕೊಂಡ ಕಂಪನಿಯ ಭಾಗವಾಗಿ ನಿಂತಿತು. ಕೊಳ್ಳಿಸಿಕೊಂಡವರ ಮತ್ತು ಕೊಂಡವರ ಎರಡೂ ಅನುಭವ ಒಂದೇ ಗೇಟಿನೊಳಗೆ ಸಿಗುವ ಇಂಥ ಉದಾಹರಣೆಯನ್ನು ಬಿಟ್ಟು, ಡೆಟ್ರಾಯ್ಟ್ ಕಡೆಯ ಕ್ರೈಸ್ಲರ್ ಕಥೆಯನ್ನು ಹೊತ್ತು ತಂದಿದ್ದರು. ಹತ್ತರಗಿಯ ವಿಶೇಷ ಆರ್ಥಿಕ ವಲಯದಲ್ಲಿ ವಿಮಾನದ ಬಿಡಿಭಾಗ ಮಾಡುವವರು ವಿದೇಶದ ಕಂಪನಿಗಳೊಂದಿಗೆ ಸೇರಿ ಕೆಲಸ ಮಾಡುತ್ತಿರುವುದೂ ಅವರಿಗೆ ಹೊಸ ಸುದ್ದಿಯಾಗಿತ್ತು.

ಇಷ್ಟೆಲ್ಲ ದೂರಿದ ಮೇಲೆ ಕಾರ್ಯಾಗಾರದ ಮಾತಿಗೆ ಬರುತ್ತೇನೆ. ಮೊದಲನೆಯ ದಿನ ಕೈಕುಲುಕುವುದು, ಸಮಯಪಾಲನೆ, ಹೆಸರಿನ ಹಿಂದೆ ಡಾಕ್ಟರ್ ಸೇರಿಸಿ ಕರೆಯುವುದು ಇತ್ಯಾದಿಗಳಲ್ಲಿ ಕಳೆಯಿತು; ಮಧ್ಯಾಹ್ನದ ಊಟದ ನಂತರ ನಮ್ಮವರಲ್ಲಿ ಅರ್ಧದಷ್ಟು ಜನ ತೂಕಡಿಸುತ್ತಿದ್ದರು. ಎರಡನೆಯ ದಿನ ಬೇರೊಬ್ಬ ತರಬೇತುದಾರರು ಬಂದರು. ಹುಬ್ಬಳ್ಳಿಯ ಕಡೆಯ ಮಹಿಳೆ, ಹನ್ನೆರಡು ವರ್ಷ ಸ್ಟುಟ್‌ಗಾರ್ಟಿನ ಕಾರ್ಖಾನೆಯೊಂದರ ಖರೀದಿ ವಿಭಾಗದಲ್ಲಿ ಕೆಲಸ ಮಾಡಿದವರು. ಪ್ರೊಜೆಕ್ಟರನ್ನು ಆರಿಸಿ, ನಮ್ಮ ಮೋಲ್ಡಿಂಗ್ ಫೋರ್‌ಮನ್‌ರನ್ನು ಎದುರಿಗೆ ಕೂರಿಸಿಕೊಂಡರು. ಅವರಿಗೆ ಐವತ್ತೆಂಟು ವರ್ಷ, ತಂದೆಯವರ ಕಾಲದಿಂದ ಇರುವವರು, ನಾವೆಲ್ಲ ಕಾಕಾ ಎಂದೇ ಕರೆಯುತ್ತೇವೆ. ತಾನು ಜರ್ಮನಿಯ ಗಿರಾಕಿ ಎಂದು ಹೇಳಿಕೊಂಡು ಆಕೆ, ಹೊಸ ಪ್ಯಾಟರ್ನಿನ ಸ್ಯಾಂಪಲ್ಲನ್ನು ಮೂರು ವಾರಗಳಲ್ಲಿ ಕೊಡಲು ಆಗುತ್ತದೆಯೇ ಎಂದು ಕೇಳಿದರು.

‘ನೋಡೋಣ್ರಿ’ ಎಂದರು ಕಾಕಾ.

ಆಕೆ ಬೋರ್ಡಿನ ಮೇಲೆ ‘ನೋಡೋಣ್ರಿ’ ಎಂದು ಬರೆದು, ಇದರ ಅರ್ಥವೇನೆಂದು ಸಭೆಯನ್ನು ಕೇಳಿದರು. ಆಗುತ್ತದೆ ಎಂದು ಒಬ್ಬ. ಆಗುವುದಿಲ್ಲ ಎಂದು ಇನ್ನೊಬ್ಬ. ಮಾಲಕರನ್ನು ಕೇಳಿ ಹೇಳುತ್ತೇನೆ ಎಂದು ಮತ್ತೊಬ್ಬ. ಈಗ ಈ ಮಾತು ಬೇಡ, ಚಹಾ ಕುಡಿಯಿರಿ ಎಂದು ಹಿಂದಿನ ಸಾಲಿನಿಂದ ಒಂದು ದನಿ. ನಾಲ್ಕೂ ಸರಿಯೇ, ಆದರೆ ಕಾಕಾ ಯಾವುದನ್ನು ಹೇಳಿದರೆಂದು ನಮಗೆಲ್ಲರಿಗೂ ಅವರ ಮುಖ ನೋಡಿದ ಕೂಡಲೇ ತಿಳಿದಿತ್ತು. ಪ್ಯಾಟರ್ನೇ ಬಂದಿಲ್ಲ, ಮೂರು ವಾರ ಎಲ್ಲಿಯದು ಎಂದು ಆ ಮುಖ ಹೇಳುತ್ತಿತ್ತು. ಮಾತಿನ ಅರ್ಥದಲ್ಲಿ ದೊಡ್ಡ ಪಾಲು ಮಾತಿನ ಹೊರಗೇ ಉಳಿಯುವ ಈ ರೂಢಿಯನ್ನು ಎಡ್ವರ್ಡ್ ಹಾಲ್ ಎಂಬ ಮಾನವಶಾಸ್ತ್ರಜ್ಞರು ಬಹಳ ಹಿಂದೆಯೇ ವಿವರಿಸಿದ್ದಾರೆ. ಆಕೆ ಆ ಹೆಸರನ್ನು ಒಮ್ಮೆ ಹೇಳಿ ಬಿಟ್ಟುಬಿಟ್ಟರು. ಮಿಂಚಂಚೆಯಲ್ಲಿ ಮುಖ ಹೋಗುವುದಿಲ್ಲ, ಆದ್ದರಿಂದ ಜರ್ಮನಿಗೆ ಹೋಗುವ ಪ್ರತಿಯೊಂದು ಉತ್ತರದಲ್ಲೂ ಒಂದು ತಾರೀಖು, ಒಂದು ಅಡಚಣೆ ಎರಡೂ ಇರಲೇಬೇಕು ಎಂಬುದಷ್ಟೇ ಅವರ ಪಾಠ. ಪ್ಯಾಟರ್ನ್ ಹದಿನೈದನೆಯ ತಾರೀಖಿಗೆ ಬಂದರೆ ಸ್ಯಾಂಪಲ್ ಮುಂದಿನ ತಿಂಗಳ ಐದಕ್ಕೆ ಹೊರಡುತ್ತದೆ, ಬರದಿದ್ದರೆ ಹೊರಡುವುದಿಲ್ಲ. ‘ಹಾಂಗ ಹೇಳಾಕ ಅಡ್ಡಿ ಇಲ್ರಿ ಮೇಡಮ್, ಖರೆ ಮಾಲಕರ ಮುಂದ ಆಗೂದಿಲ್ಲ ಅನ್ನಾಕ ನಾಲಿಗಿ ಹೊರಳೂದಿಲ್ರಿ’ ಎಂದರು ಕಾಕಾ.

ಆಕೆ ನನ್ನತ್ತ ತಿರುಗಿ, ಒಂದು ಗಂಟೆ ಹೊರಗೆ ಹೋಗಿ ಬನ್ನಿ ಎಂದರು. ಆರು ಲಕ್ಷ ಎಂಬತ್ತು ಸಾವಿರ ಕೊಟ್ಟು ನಾನೇ ಹೊರಗೆ ನಿಲ್ಲಬೇಕಾಯಿತು. ಖಾನಾಪುರ ರಸ್ತೆಯ ಕಡೆಗೆ ತೆರೆದ ಕಿಟಕಿಯ ಬಳಿ ನಿಂತು ಎರಡು ಲೋಟ ಚಹಾ ಕುಡಿದೆ. ಒಳಗಿನಿಂದ ಆಗಾಗ ನಗು ಕೇಳಿಸುತ್ತಿತ್ತು, ನನ್ನ ಬಗ್ಗೆಯೇ ಇರಬೇಕು ಎಂದುಕೊಂಡೆ. ಮರಳಿ ಒಳಗೆ ಹೋದಾಗ ಬೋರ್ಡಿನ ಮೇಲೆ, ಕನ್ನಡ ಮರಾಠಿ ಎರಡೂ ಬೆರೆತ ಅಕ್ಷರಗಳಲ್ಲಿ, ನನಗೆ ಈವರೆಗೆ ಹೇಳದೆ ಉಳಿಸಿದ್ದ ಹನ್ನೊಂದು ಸಂಗತಿಗಳಿದ್ದವು. ಮೂರನೆಯದು, ಅಚ್ಚಿನೊಳಗೆ ಇಡುವ ಮರಳಿನ ಕೋರ್ ಒಣಗಿಸುವ ಓವನ್ನಿನ ಥರ್ಮೋಸ್ಟಾಟ್ ಕೆಟ್ಟು ಆರು ವಾರಗಳಾಗಿದ್ದು, ಅಂದಾಜಿನ ಮೇಲೆ ಓವನ್ ನಡೆಸುತ್ತಿದ್ದುದು. ಆ ಆರು ವಾರಗಳಲ್ಲಿ ಗಾಳಿಗುಳ್ಳೆಯ ತೂತು (ಬ್ಲೋ ಹೋಲ್) ಬಂದ ಕಾಸ್ಟಿಂಗ್‌ಗಳು ಏಕೆ ಹೆಚ್ಚಾಗಿವೆ ಎಂದು ನಾನು ಮರಳನ್ನು ಬಯ್ದುಕೊಂಡು ಕೂತಿದ್ದೆ. 77 ಎಂಬ ಅಂಕ ನನಗೆ ಅರ್ಥವಾದದ್ದು ವರದಿಯ ಹನ್ನೆರಡನೆಯ ಪುಟದಲ್ಲಲ್ಲ, ಆ ಮೂರನೆಯ ಸಾಲಿನಲ್ಲಿ.

ಇನ್ನು ಒಪ್ಪಂದದ ನಂತರದ ಕಥೆ. ಜರ್ಮನಿಯಲ್ಲಿ ಇಂಥ ಕಂಪನಿಯ ಪಾಲನ್ನು ವರ್ಗಾಯಿಸಲು ನೋಟರಿಯ ಮುಂದೆ ಕೂರಲೇಬೇಕು, ಮತ್ತು ನೋಟರಿ ಇಡೀ ಕರಾರುಪತ್ರವನ್ನು ಗಟ್ಟಿಯಾಗಿ ಓದಲೇಬೇಕು. ನಮಗಾಗಿ ಇಂಗ್ಲಿಷಿನಲ್ಲಿ ಓದಿದರು. ಐದು ಗಂಟೆ ಹಿಡಿಯಿತು. ಪುರಾಣ ಪ್ರವಚನಕ್ಕೆ ಕೂತಂತೆ ಕೂತಿದ್ದೆ. ನಡುವೆ ಹಳೆಯ ಮಾಲೀಕರು ಒಂದು ಕಲಮಿನಲ್ಲಿ ಪದವೊಂದನ್ನು ತಿದ್ದಿಸಿದಾಗ, ಒಂಬತ್ತು ವರ್ಷದ ಗೆಳೆತನದಲ್ಲಿ ಇವರಿಗೆ ನನ್ನ ಮೇಲೆ ಭರವಸೆಯಿಲ್ಲವೇ ಎನಿಸಿ ಮನಸ್ಸು ಕಹಿಯಾಯಿತು. ಓದುತ್ತಿರುವಾಗ ಕೇಳುವುದು, ತಿದ್ದಿಸುವುದು ಆ ಓದಿನ ಉದ್ದೇಶವೇ ಎಂದು ಊಟದ ಹೊತ್ತಿಗೆ ನಮ್ಮ ವಕೀಲರು ವಿವರಿಸಿದರು. ವರದಿಯಲ್ಲಿ ಚಾಕು ಮುಳ್ಳುಚಮಚ ಹಿಡಿಯುವ ಚಿತ್ರವಿತ್ತು, ಇದಿರಲಿಲ್ಲ.

ಮೂರನೆಯ ತಿಂಗಳಲ್ಲಿ ತುರ್ತಿನ ಆರ್ಡರ್ ಒಂದು ಬಂತು. ಎರಡು ಶನಿವಾರ ಹೆಚ್ಚುವರಿ ಕೆಲಸ ಮಾಡಿಸಿ ಎಂದು ಅಲ್ಲಿಯ ವ್ಯವಸ್ಥಾಪಕರಿಗೆ ಮಿಂಚಂಚೆ ಕಳಿಸಿದೆ. ಮೂರು ದಿನಗಳ ನಂತರ ಒಂದೇ ಸಾಲಿನ ಉತ್ತರ ಬಂತು, ಬೆಟ್ರೀಬ್ಸ್‌ರಾಟ್ ಜೊತೆ ಮಾತಾಡಬೇಕು ಎಂದು. ಮಾಲೀಕ ಹೇಳಿದ್ದನ್ನು ಕೆಲಸಗಾರರ ಮಂಡಳಿಯ ಮುಂದೆ ಇಡುವುದೆಂದರೆ ನನ್ನ ಮುಖಕ್ಕೆ ಹೊಡೆದಂತೆ ಎನಿಸಿ, ಬಿರುಸಾದ ಉತ್ತರವೊಂದನ್ನು ಬರೆದು, ಕಳಿಸುವ ಮೊದಲು ದೂರವಾಣಿ ಸಲಹೆಯ ನಂಬರಿಗೆ ಕರೆ ಮಾಡಿದೆ. ಎತ್ತಿದ ಯುವಕ ನಮ್ಮ ಹೆಸರನ್ನು ಎರಡು ಸಲ ಕೇಳಿ, ವಾರದ ನಂತರ ‘ಶ್ರೇಣೀಕರಣ ಕಡಿಮೆಯಿರುವ ಸಂಸ್ಕೃತಿಗಳಲ್ಲಿ ನಾಯಕತ್ವ’ ಎಂಬ ವಿಡಿಯೋ ಪಾಠದ ಕೊಂಡಿಯನ್ನು ಕಳಿಸಿದ. ಅಷ್ಟರಲ್ಲಿ ಎರಡನೆಯ ದಿನದ ತರಬೇತುದಾರರ ನಂಬರನ್ನು ಹುಡುಕಿ ನಾನೇ ಮಾತಾಡಿದ್ದೆ. ಹೆಚ್ಚುವರಿ ಕೆಲಸಕ್ಕೆ ಆ ಮಂಡಳಿಯ ಒಪ್ಪಿಗೆ ಬೇಕೆಂಬುದು ಜರ್ಮನಿಯ ಕಾನೂನು, ಅದು ಯಾರ ಮರ್ಯಾದೆಯ ಪ್ರಶ್ನೆಯೂ ಅಲ್ಲ, ಐದು ಜನ ಕಾಯಂ ನೌಕರರಿರುವ ಕಾರ್ಖಾನೆಯಲ್ಲೂ ಅವರು ಬಯಸಿದರೆ ಅಂಥ ಮಂಡಳಿಯನ್ನು ಆರಿಸಿಕೊಳ್ಳಬಹುದು ಎಂದು ಹತ್ತು ನಿಮಿಷಗಳಲ್ಲಿ ತಿಳಿಸಿದರು. ಮಂಡಳಿಯ ಅಧ್ಯಕ್ಷರಿಗೆ ನೇರವಾಗಿ ಬರೆದೆ. ಒಂದು ಶನಿವಾರಕ್ಕೆ ಒಪ್ಪಿದರು, ಇನ್ನೊಂದರ ಬದಲು ವಾರದ ದಿನಗಳಲ್ಲಿ ಹೊತ್ತು ಹೆಚ್ಚಿಸಿಕೊಂಡರು. ಸಂಸ್ಕೃತಿ ಎಂದು ನಾವು ಕರೆಯುವುದರಲ್ಲಿ ಎಷ್ಟೋ ಭಾಗ ಆ ದೇಶದ ಕಾನೂನು ಪುಸ್ತಕದಲ್ಲಿ ಕಲಮು ಸಮೇತ ಬರೆದಿಟ್ಟಿರುತ್ತದೆ. ಅದನ್ನು ಓದದವರು ಸಂಸ್ಕೃತಿಯ ಸಲಹೆ ಮಾರುವುದು ಹೇಗೆ ಎಂದು ನನಗೆ ಇಂದಿಗೂ ಅರ್ಥವಾಗಿಲ್ಲ.

ಆಕೆ ಕೊಟ್ಟ ಇನ್ನೊಂದು ಸಲಹೆಯನ್ನೂ ದಾಖಲಿಸಬೇಕು. ಮೊದಲ ಸಲ ಮಾಲೀಕನಾಗಿ ಅಲ್ಲಿಗೆ ಹೋದಾಗ ನಾನು ಎರಡು ಕಿಲೋ ಕುಂದಾ ಒಯ್ದಿದ್ದೆ, ಕ್ಯಾಂಟೀನಿನ ಮೇಜಿನ ಮೇಲೆ ಎಲ್ಲರಿಗೂ ಇಟ್ಟೆ, ಚಮಚದಲ್ಲಿ ತಿಂದು ಸಂತೋಷಪಟ್ಟರು. ಆಮೇಲೆ ಸಭೆಯಲ್ಲಿ, ನಾವೆಲ್ಲ ಒಂದೇ ಮನೆಯವರು, ಯಾರೂ ಚಿಂತಿಸಬೇಡಿ ಎಂದು ಮಾತಾಡಿದೆ. ಉದ್ಯಮಬಾಗದಲ್ಲಾದರೆ ಆ ಮಾತು ಸಾಕಾಗುತ್ತಿತ್ತು. ಅಲ್ಲಿ ಟರ್ನಿಂಗ್ ವಿಭಾಗದವನೊಬ್ಬ ಎದ್ದು, ಯಾವ ನಂಬರಿನ ಮಶೀನ್ ಯಾವಾಗ ಭಾರತಕ್ಕೆ ಹೋಗುತ್ತದೆ ಎಂದು ಕೇಳಿದ. ನನ್ನ ಮಾತನ್ನು ಅವನು ಕೇಳಿಸಿಕೊಳ್ಳಲಿಲ್ಲವೇ ಎಂದುಕೊಂಡೆ. ಆದರೆ ಅವನಿಗೆ ನನ್ನ ಕುಟುಂಬದಲ್ಲಿ ಸ್ಥಾನ ಬೇಕಿರಲಿಲ್ಲ, ತನ್ನ ಲೇತು ಎಲ್ಲಿರುತ್ತದೆಂದು ತಿಳಿಯಬೇಕಿತ್ತು. ಆಕೆಯ ಸಲಹೆಯ ಮೇರೆಗೆ, ಯಾವ ಮಶೀನುಗಳು ಯಾವ ವರ್ಷದವರೆಗೆ ಅಲ್ಲಿಂದ ಕದಲುವುದಿಲ್ಲ ಎಂಬ ಪಟ್ಟಿಯನ್ನು ಜರ್ಮನ್ ಭಾಷೆಯಲ್ಲಿ ಬರೆಸಿ, ಸಹಿ ಹಾಕಿ ನೋಟಿಸ್ ಬೋರ್ಡಿಗೆ ಹಾಕಿಸಿದೆ. ಆ ಕಾಗದದ ಪ್ರತಿಯನ್ನು ನೋಡಿದ ನಮ್ಮ ಕಾಕಾ, ಇಲ್ಲಿಗೂ ಇಂಥದೊಂದು ಬರೆದು ಹಾಕಬಾರದೇ ಎಂದರು. ಅದಿನ್ನೂ ನನ್ನ ಮೇಜಿನ ಮೇಲಿದೆ.

ನಮ್ಮವರ ಪೈಕಿ ಜರ್ಮನಿಯವರೊಂದಿಗೆ ಬೇಗ ಹೊಂದಿಕೊಂಡವರು ಯಾರೆಂಬುದೂ ಗಮನಾರ್ಹ. ಒಳ್ಳೆಯ ಇಂಗ್ಲಿಷ್ ಬಲ್ಲ ಇಂಜಿನಿಯರುಗಳಿಗಿಂತ, ದಿನವೂ ಮೂರು ಭಾಷೆಗಳ ನಡುವೆ ಓಡಾಡುವ ಆ ಸೂಪರ್‌ವೈಸರನೇ ಮೊದಲು ಹಳಿಗೆ ಬಂದ. ಎದುರಿನವನಿಗೆ ತಾನು ಹೇಳಿದ್ದು ತಿಳಿಯಿತೇ ಎಂದು ಇನ್ನೊಮ್ಮೆ ಕೇಳಿಕೊಳ್ಳುವ ಅಭ್ಯಾಸ ಅವನಿಗೆ ಫೆಟ್ಲಿಂಗ್ ಅಂಗಳದಲ್ಲೇ ಬಂದಿತ್ತು. ಪ್ರಶ್ನಾವಳಿಯಲ್ಲಿ ಅವನಿಗೂ ಎಲ್ಲರಂತೆ ಐದಕ್ಕೆ ಐದು.

ಒಟ್ಟಾರೆ ಅಂಕ ಕೊಡುವುದಾದರೆ ವರದಿಗೆ ಐದರಲ್ಲಿ ಒಂದು, ಕಾರ್ಯಾಗಾರದ ಮೊದಲ ದಿನಕ್ಕೆ ಒಂದು, ಎರಡನೆಯ ದಿನಕ್ಕೆ ಪೂರ್ತಿ ಐದು, ದೂರವಾಣಿ ಸಲಹೆಗೆ ಸೊನ್ನೆ. ಬಿಡಿಬಿಡಿಯಾಗಿ ಮಾರಿದರೆ ಜನ ಎರಡನೆಯ ದಿನವನ್ನಷ್ಟೇ ಕೊಳ್ಳುತ್ತಾರೆ ಎಂಬುದು ಸಂಸ್ಥೆಯವರಿಗೆ ನನಗಿಂತ ಮೊದಲೇ ಗೊತ್ತಿತ್ತು. ಮಚ್ಛೆ, ಉದ್ಯಮಬಾಗ, ಆಟೋ ನಗರಗಳಲ್ಲಿ ನಮ್ಮಂತೆಯೇ ಹೊರದೇಶದ ಗಿರಾಕಿಯ ಕಾರ್ಖಾನೆಯನ್ನು ಕೊಳ್ಳುವ ಅಥವಾ ತಮ್ಮದನ್ನು ಹೊರದೇಶದವರಿಗೆ ಮಾರುವ ವಿಚಾರದಲ್ಲಿರುವವರು ನನಗೆ ಕರೆ ಮಾಡುತ್ತಿರುತ್ತಾರೆ. ಅವರಿಗೆ ನಾನು ಹೇಳುವುದಿಷ್ಟು: ಪ್ರಶ್ನಾವಳಿ ಕೆಲಸಗಾರರ ಭಾಷೆಯಲ್ಲಿರಬೇಕು, ಅದನ್ನು ತುಂಬಿಸುವವರು ಟೈಮ್ ಆಫೀಸಿನವರಾಗಿರಬಾರದು. ತರಬೇತಿ ಕೊಡುವ ವ್ಯಕ್ತಿ ಆ ದೇಶದ ಕಾರ್ಖಾನೆಯಲ್ಲಿ ಎಷ್ಟು ವರ್ಷ ದುಡಿದಿದ್ದಾರೆಂದು ಹೆಸರು ಸಮೇತ ಬರೆಸಿಕೊಳ್ಳಿ. ಅದೇ ವ್ಯಕ್ತಿ ಆಚೆಯ ಕಡೆಯ ಕೆಲಸಗಾರರಿಗೂ ಒಂದು ದಿನ ಕೊಡಬೇಕೆಂಬ ಷರತ್ತನ್ನು ಹಾಕಿ. ನಾವು ಹಾಕದೆ ತಪ್ಪು ಮಾಡಿದೆವು.

ಕಳೆದ ತಿಂಗಳು ಸಂಸ್ಥೆಯವರು ಎರಡನೆಯ ವರ್ಷದ ಪ್ರಸ್ತಾವ ಕಳಿಸಿದ್ದಾರೆ. ಹೊಸ ವರದಿ ಎಂಬತ್ತು ಪುಟಗಳದ್ದಂತೆ. ಆ ತರಬೇತುದಾರರನ್ನು ಎರಡು ದಿನ ಜರ್ಮನಿಗೆ ಕಳಿಸಿದರೆ ಸಾಕು, ವರದಿ ಬೇಡ, ದರ ತಿಳಿಸಿ ಎಂದು ಉತ್ತರ ಬರೆದಿದ್ದೇನೆ. ‘ಪರಿಶೀಲಿಸುತ್ತೇವೆ’ ಎಂದು ಅವರಿಂದ ಮರುದಿನವೇ ಉತ್ತರ ಬಂತು. ಅದರಲ್ಲಿ ತಾರೀಖೂ ಇಲ್ಲ, ಅಡಚಣೆಯೂ ಇಲ್ಲ.